ಆಕಾಶದಲ್ಲೊಂದು ಗೆರೆ

ಕಳೆದ ವಾರ ಪುಸ್ತಕದ ಕಪಾಟನ್ನು ವಿಂಗಡಿಸುತ್ತಿದ್ದಾಗ, ನಾನು ಇಪ್ಪತ್ತು ವರ್ಷ ಪಾಠಕ್ಕೆ ಬಳಸಿದ ವ್ಯಾಕರಣದ ಟಿಪ್ಪಣಿ ಪುಸ್ತಕದ ನಡುವಿನಿಂದ ಕಾಗದದ ಗುಬ್ಬಿಯೊಂದು ಜಾರಿ ನೆಲಕ್ಕೆ ಬಿತ್ತು. ಹೆಬ್ಬೆರಳಿನಷ್ಟು ಉದ್ದ, ಈರುಳ್ಳಿಯ ಸಿಪ್ಪೆಯಷ್ಟು ತೆಳು. ಕೊಕ್ಕು, ಬಾಲ, ರೆಕ್ಕೆಯ ಅಂಚುಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಲಾಗಿತ್ತು. ಅದರ ಮೈಮೇಲೆ ಹಳದಿ, ಕೆಂಪು, ನೇರಳೆ ಬಣ್ಣಗಳು ಒಂದರೊಳಗೊಂದು ಕರಗಿದ್ದವು. ಪುಣೆಯ ಖರಾಡಿಯಲ್ಲಿರುವ ನಮ್ಮ ಫ್ಲ್ಯಾಟಿನ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮೂಗಿನ ಬಳಿಗೆ ತಂದೆ. ಸ್ಟ್ಯಾಂಪ್ ಪ್ಯಾಡಿನ ಮಸಿಯ ವಾಸನೆ... ಇಷ್ಟು ವರ್ಷಗಳ ನಂತರ ವಾಸನೆ ಉಳಿದಿರಲು ಸಾಧ್ಯವಿಲ್ಲವೆಂಬುದು ನನಗೆ ಗೊತ್ತು. ಆದರೂ ಬಂತು.

ಆ ಗುಬ್ಬಿಯನ್ನು ಕತ್ತರಿಸಿದವರು, ಸದಾಶಿವ ಪೇಠದ ಹಳೆಯ ವಾಡೆಯೊಂದರಲ್ಲಿ ನನ್ನ ಎದುರಿನ ಒಂಟಿ ಕೋಣೆಯ ಖೋಲಿಯಲ್ಲಿದ್ದ ಕಾಕು. ವಾಡೆಯ ಮರಾಠಿ ಮಂದಿಗೂ, ಕನ್ನಡದವನಾದ ನನಗೂ ಅವರು ಕಾಕು, ಅಂದರೆ ಚಿಕ್ಕಮ್ಮನೇ. ಬಾಗಲಕೋಟೆಯ ಕಡೆಯವರು, ಗುಮಾಸ್ತರೊಬ್ಬರ ಕೈಹಿಡಿದು ಪುಣೆಗೆ ಬಂದವರು. ನಾನು ಆ ವಾಡೆಗೆ ಬಾಡಿಗೆಗೆ ಹೋಗುವ ಹೊತ್ತಿಗೆ ಆ ಗುಮಾಸ್ತರು, ಕಾಕಾ, ತೀರಿಕೊಂಡು ಹಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಕಾಕು ಮನೆಯಲ್ಲಿಯೇ ಕುಳಿತು ಕೈಯಿಂದ ಶುಭಾಶಯದ ಕಾರ್ಡುಗಳನ್ನು ಮಾಡಿ ಪೇಠದ ಕಾಗದದ ಅಂಗಡಿಗಳಿಗೆ ಕೊಡುತ್ತಿದ್ದರು. ನಾನಾಗ ನಗರದ ಒಂದು ಕನ್ನಡ ಶಾಲೆಗೆ ಹೊಸದಾಗಿ ಸೇರಿದ್ದ ಮಾಸ್ತರ; ಒಂಟಿ; ಅಲ್ಪವಿರಾಮವೊಂದು ತನ್ನ ಜಾಗದಲ್ಲಿ ಇಲ್ಲದಿದ್ದರೆ ಊಟ ರುಚಿಸದಂಥವನು.

ನಮ್ಮ ಪರಿಚಯ ಬೆಳೆದದ್ದು ರಬ್ಬರಿನಿಂದ. ಮಕ್ಕಳು ತರಗತಿಯ ನೆಲದ ಮೇಲೆ ಬೀಳಿಸಿಹೋದ ರಬ್ಬರುಗಳನ್ನು ನಾನು ಒಂದು ಡಬ್ಬಿಯಲ್ಲಿ ದಿನಾಂಕ ಬರೆದು ಕೂಡಿಡುತ್ತಿದ್ದೆ. ವರ್ಷ ಮುಗಿದರೂ ಕೇಳುವವರಿಲ್ಲದೆ ಉಳಿದವು ಬಹಳ. ಹೇಗೋ ಇದು ಕಾಕುವಿನ ಕಿವಿಗೆ ಬಿದ್ದಿತ್ತು.

“ವಾರಸದಾರರಿಲ್ಲದ ಖೋಡರಬ್ಬರ್ ಭಾಳ ಅದಾವಂತಲ್ರಿ ಮಾಸ್ತರ ನಿಮ್ಮ ಹತ್ರ. ನನಗ ದತ್ತಕ ಕೊಡ್ರಲ್ಲ” ಎಂದರು.

ಕೊಟ್ಟೆ. ಮರುದಿನ ಸಂಜೆ ಅವರು ಕರೆದು ತೋರಿಸಿದಾಗ ಆ ರಬ್ಬರುಗಳಲ್ಲೊಂದರ ಮೇಲೆ ಗುಬ್ಬಿ ಉಬ್ಬಿ ನಿಂತಿತ್ತು. ಅರ್ಧ ಬ್ಲೇಡಿನಿಂದ ಕೆತ್ತಿದ್ದು. ಮೊದಲು ಪೆನ್ಸಿಲಿನಿಂದ ಬರೆದುಕೊಂಡೂ ಇರಲಿಲ್ಲ. ಒತ್ತಿದಾಗ ಎಡಬಲ ಅದಲುಬದಲಾಗುತ್ತದಷ್ಟೆ. ಅದನ್ನು ಮನಸ್ಸಿನೊಳಗೇ ತಿರುಗಿಸಿಕೊಂಡು ನೇರವಾಗಿ ಕೆತ್ತಿದ್ದರು. ತಪ್ಪನ್ನು ಅಳಿಸುವುದೊಂದೇ ರಬ್ಬರಿನ ಧರ್ಮವೆಂದು ನಂಬಿದ್ದ ನಾನು ಆ ಗುಬ್ಬಿಯನ್ನು ಎಷ್ಟು ಹೊತ್ತು ನೋಡಿದೆನೋ ನೆನಪಿಲ್ಲ...

ಸಂಜೆ ಅವರ ಹೊಸ್ತಿಲ ಬಳಿ ಕುಳಿತು ಕೆಲಸ ನೋಡುವುದು ಕ್ರಮೇಣ ನನ್ನ ರೂಢಿಯಾಯಿತು. ಕಾಕು ರಬ್ಬರನ್ನು ಕಪ್ಪು ಮಸಿಯ ಪ್ಯಾಡಿಗೆ ಎರಡು ಸಲ ಮೆತ್ತಗೆ ತಾಗಿಸಿ, ದಪ್ಪ ಡ್ರಾಯಿಂಗ್ ಹಾಳೆಯ ಮೇಲಿಟ್ಟು, ಅಂಗೈಯಿಂದ ಒಮ್ಮೆ ಅದುಮಿ, ನೆಟ್ಟಗೆ ಮೇಲಕ್ಕೆತ್ತುತ್ತಿದ್ದರು. ಗುಬ್ಬಿ ಹಾಳೆಯ ಮೇಲೆ ಕುಳಿತಿರುತ್ತಿತ್ತು. ಅದನ್ನೇ ನಾನು ಮಾಡಿದರೆ ಗುಬ್ಬಿಗೆ ಎರಡು ಕೊಕ್ಕು ಮೂಡುತ್ತಿದ್ದವು.

“ಒತ್ತೂದು ಎಲ್ಲಾರಿಗೂ ಬರತದ್ರಿ. ಎತ್ತೂದು ಕಲೀಬೇಕು” ಎನ್ನುತ್ತಿದ್ದರು.

ಆದರೆ ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಅವರ ಆಕಾಶ. ಅದೇ ಗುಬ್ಬಿಯನ್ನು ತೆಳುಕಾಗದದ ಮೇಲೂ ಒಮ್ಮೆ ಒತ್ತಿ, ಅಂಚುಗುಂಟ ಕತ್ತರಿಸಿ, ಹಾಳೆಯ ಮೇಲಿನ ಗುಬ್ಬಿಗೆ ಸರಿಯಾಗಿ ಹೊದಿಸುತ್ತಿದ್ದರು. ಈ ಹೊದಿಕೆಗೆ ಅವರು ಇಟ್ಟ ಹೆಸರು ಕುಲಾಯಿ. ಆಮೇಲೆ ಬಟ್ಟೆಯಲ್ಲಿ ಕಟ್ಟಿದ ಸ್ಪಂಜಿನ ಉಂಡೆಯನ್ನು ಹಳದಿ ಮಸಿಗೆ ಒತ್ತಿ, ಮೊದಲು ಕೆಳಗೆ ಹಾಸಿದ ಹಳೆಯ ಪತ್ರಿಕೆಯ ಮೇಲೆ ದುಂಡಗೆ ತಿರುಗಿಸುತ್ತಿದ್ದರು. ತಿರುಗಿಸುತ್ತ ತಿರುಗಿಸುತ್ತಲೇ ಹಾಳೆಯೊಳಕ್ಕೆ ಬರುತ್ತಿದ್ದರು. ಬಣ್ಣ ಎಲ್ಲಿ ಶುರುವಾಯಿತೆಂಬುದು ಯಾರಿಗೂ ಕಾಣಬಾರದು. ಅದಕ್ಕಾಗಿ ಅದು ಯಾವಾಗಲೂ ಹಾಳೆಯ ಹೊರಗೇ ಶುರುವಾಗಬೇಕು. ಹಳದಿಯ ಮೇಲೆ ಕೆಂಪು, ಕೆಂಪಿನ ಮೇಲೆ ನೇರಳೆ. ಹಳದಿ ಮತ್ತು ನೇರಳೆಗಳನ್ನು ಎದುರುಬದುರು ಬಿಡಬಾರದು, ಬಿಟ್ಟರೆ ಕೆಸರಾಗುತ್ತದೆ. ನಡುವೆ ಕೆಂಪು ಹಿರಿಯನಂತೆ ನಿಲ್ಲಬೇಕು. ಎಲ್ಲ ಮುಗಿದ ಮೇಲೆ ಕಾಕಾ ಬಿಟ್ಟುಹೋದ ದಾಡಿಯ ಬ್ರಷ್ಷನ್ನು ಒಣದಾಗಿಯೇ ಒಂದು ಸುತ್ತು ಆಡಿಸುತ್ತಿದ್ದರು. ಒದ್ದೆ ಬೆರಳಿನಿಂದ ನಾಲ್ಕು ಹನಿ ಚಿಮುಕಿಸಿ ಹಳೆಯ ಧೋತರದ ತುಂಡಿನಿಂದ ಒತ್ತಿ ತೆಗೆದರೆ, ಬಣ್ಣದ ನಡುವೆ ಬಿಳಿಯ ಕಾಳುಗಳು. ಕೊನೆಗೆ ಕುಲಾಯಿಯ ತುದಿಗೆ ಉಗುರು ತಾಗಿಸಿ ಎತ್ತುತ್ತಿದ್ದರು. ಬೆಳಗಾಗುತ್ತಿರುವ ಆಕಾಶದ ನಡುವೆ ಬಣ್ಣದ ಸೋಂಕೂ ಇಲ್ಲದ ಗುಬ್ಬಿ.

ನೂರು ಸಲ ನೋಡಿರಬೇಕು. ಆ ಎತ್ತುವ ಗಳಿಗೆಯಲ್ಲಿ ನಾನು ಉಸಿರು ಹಿಡಿಯುವುದು ಒಮ್ಮೆಯೂ ತಪ್ಪಲಿಲ್ಲ. ನನ್ನ ಸ್ವಭಾವಕ್ಕೆ ತಕ್ಕಂತೆ ಆ ಕೆಲಸವನ್ನು ಹದಿನಾಲ್ಕು ಹಂತಗಳಾಗಿ ವಿಂಗಡಿಸಿ ನನ್ನ ವ್ಯಾಕರಣದ ವಹಿಯಲ್ಲೇ ಬರೆದುಕೊಂಡೆ. ಅದನ್ನು ನೋಡಿ ಕಾಕು, ಇದಕ್ಕೂ ಪ್ರಶ್ನೆಪತ್ರಿಕೆ ತೆಗೆಯುತ್ತೀರೇನು ಮಾಸ್ತರ ಎಂದು ನಕ್ಕರು.

ವರ್ಷಕ್ಕೊಂದು ಕಾರ್ಡು ಮಾತ್ರ ಅಂಗಡಿಗಾಗಿ ಇರುತ್ತಿರಲಿಲ್ಲ. ಅದು ಸಂಕ್ರಾಂತಿಯದು, ಪುಣೆಯಿಂದ ಬಸ್ಸಿನಲ್ಲಿ ತಾಸಿನ ದಾರಿಯ ಸಾಸವಡದಲ್ಲಿದ್ದ ಅವರ ಅಕ್ಕನಿಗೆ. ನಮ್ಮ ಕಡೆ ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟು, ಎಳ್ಳುಬೆಲ್ಲದ ಹಾಗೆ ಇರೋಣ ಎನ್ನುತ್ತೇವೆ. ವರ್ಷದಲ್ಲಿ ಯಾರೊಂದಿಗೆ ಮಾತು ಬಿಟ್ಟಿದ್ದರೂ ಆ ದಿನ ಎಳ್ಳಿಗೆ ಕೈ ಒಡ್ಡಲೇಬೇಕು. ಅಕ್ಕ ಒಡ್ಡಿರಲಿಲ್ಲ. ಅದರ ಕಾರಣವನ್ನು ಕಾಕು ಒಂದು ಬೇಸಿಗೆಯ ಸಂಜೆ, ಬ್ಲೇಡಿನಿಂದ ಕಣ್ಣೆತ್ತದೆ ಹೇಳಿದ್ದರು. ತಾಯಿ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಹೊರಟು ಬಾ ಎಂದು ಸಾಸವಡದಿಂದ ಸುದ್ದಿ ಬಂದ ದಿನ ಕಾಕುವಿನ ಖೋಲಿಯ ತುಂಬ ಮೊದಲ ದೊಡ್ಡ ಆರ್ಡರಿನ ದೀಪಾವಳಿ ಕಾರ್ಡುಗಳು ಹಸಿ ಮಸಿಯಲ್ಲಿ ಹರಡಿದ್ದವು. ಒಣಗಲಿ, ಕೊಟ್ಟು ನಾಳೆ ಹೊರಡುತ್ತೇನೆ ಎಂದುಕೊಂಡರು. ಮರುದಿನ ಅವರು ತಲುಪುವಷ್ಟರಲ್ಲಿ ಅಂಗಳದಲ್ಲಿ ಮಂದಿ ಕೂಡಿತ್ತು. ಅವ್ವ ಕೊನೆಯವರೆಗೂ ಬಾಗಿಲ ಕಡೆ ನೋಡುತ್ತಿದ್ದಳೆಂದು ಹೇಳಿದ ಅಕ್ಕ, ನಿನ್ನ ಮಸಿ ಒಣಗಿತೇನು ಎಂದು ಕೇಳಿದರಂತೆ. ಆಮೇಲೆ ಮಾತಿಲ್ಲ.

ಹಾಗಿದ್ದರೆ ಕಾರ್ಡನ್ನೇ ಏಕೆ ಕಳುಹಿಸುತ್ತೀರಿ, ಗಾಯ ಮಾಡಿದ ವಸ್ತುವೇ ಔಷಧವಾಗುವುದು ತರ್ಕಕ್ಕೆ ನಿಲ್ಲುತ್ತದೆಯೇ ಎಂದು ನಾನು ವಾದಿಸಿದೆ. ಕಾಕುವಿಗೆ ತರ್ಕ ಬೇಕಿರಲಿಲ್ಲ. ಯಾವುದರಿಂದ ತಪ್ಪಿದೆನೋ ಅದನ್ನೇ ಹಿಡಿದು ಕೇಳಬೇಕು ಎಂದರು.

ಪ್ರತಿ ವರ್ಷ ಕಾರ್ಡು ಹೋಗುತ್ತಿತ್ತು. ಪ್ರತಿ ವರ್ಷ ಮರಳಿ ಬರುತ್ತಿತ್ತು. ‘ಘೇಣ್ಯಾಸ ನಕಾರ’, ಅಂದರೆ ತೆಗೆದುಕೊಳ್ಳಲು ಒಪ್ಪಿಲ್ಲ, ಎಂದು ಅಂಚಿನಲ್ಲಿ ನೀಲಿ ಶಾಯಿಯ ಬರಹ. ವಾಡೆಯ ಪೋಸ್ಟಮನ್ ಅದನ್ನು ಹಿಂದಿರುಗಿಸುವಾಗ ತಾನೇ ತಪ್ಪು ಮಾಡಿದವನಂತೆ, “ಪರತ ಆಲಂ, ಕಾಕೂ” ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. ಕಾಕು ಅದನ್ನು ಒರೆಸಿ ಟ್ರಂಕಿನಲ್ಲಿಡುತ್ತಿದ್ದರು. ನಾನು ಬಂದ ಮೇಲೆ ಎರಡು, ಅದಕ್ಕೂ ಮೊದಲು ಆರು.

ಅಕ್ಕನಿಗೆ ಕಳುಹಿಸುವ ಕಾರ್ಡಿಗೆ ಅವರು ಲಕೋಟೆ ಹಾಕುತ್ತಿರಲಿಲ್ಲ. ಲಕೋಟೆಯಾದರೆ ನೋಡದೆಯೇ ತಿರುಗಿ ಕಳುಹಿಸಬಹುದು. ತೆರೆದ ಕಾರ್ಡಾದರೆ, ಬೇಡವೆನ್ನುವ ಮೊದಲು ಒಂದು ಸಲವಾದರೂ ಕಣ್ಣು ಹಾಯಲೇಬೇಕು. ಆ ಒಂದು ನೋಟಕ್ಕಾಗಿಯೇ ಅವರು ಮಾರ್ಗಶಿರ ಮಾಸದಿಂದ ಸಿದ್ಧತೆ ನಡೆಸುತ್ತಿದ್ದರು. ಚಿತ್ರ ಪ್ರತಿ ವರ್ಷ ಬೇರೆ. ಆಕಾಶ ಮಾತ್ರ ಒಂದೇ. ಊರ ಮನೆಯ ಮಾಳಿಗೆಯ ಮೇಲೆ ಒಂದೇ ಕೌದಿಯಲ್ಲಿ ಮಲಗಿ ಏಳುವಾಗ ಅಕ್ಕತಂಗಿಯರು ಕಂಡ ಆಕಾಶ ಅದು.

ಕಾರ್ಡಿನ ಮೇಲೆ ಒಂದು ಅಕ್ಷರವೂ ಇರುತ್ತಿರಲಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ. ಕ್ಷಮೆಯನ್ನು ಕೇಳುವ, ಅಹಂಕಾರದ ಸುಳಿವಿಲ್ಲದ, ಮೂರು ಉಪವಾಕ್ಯಗಳ ಒಂದು ವಾಕ್ಯವನ್ನು ನಾನೇ ರಚಿಸಿ ಓದಿ ತೋರಿಸಿದೆ. ಕಾಕು ಗಮನವಿಟ್ಟು ಕೇಳಿದರು.

“ಭಾಳ ಛಂದ ಅದ ಮಾಸ್ತರ. ಆದರ ಇದನ್ನ ಓದಿ ಮುಗಿಸೂತನಾ ಅಕ್ಕ ನಿಲ್ಲಬೇಕಲ್ರಿ.”

ಕೊನೆಗೆ ನನ್ನ ಪಾಲಿಗೆ ಬಂದದ್ದು ಹಿಂಬದಿಯಲ್ಲಿ ಮರಾಠಿಯಲ್ಲಿ ವಿಳಾಸ ಬರೆಯುವ ಕೆಲಸವೊಂದೇ.

ಮೂರನೆಯ ವರ್ಷ, ಸಂಕ್ರಾಂತಿಗೆ ಎರಡು ವಾರವಿರುವಾಗ, ಕಾಕು ವಾಡೆಯ ಮರದ ಮೆಟ್ಟಿಲಲ್ಲಿ ಜಾರಿಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಅಂಗಡಿಗಳ ಕೆಲಸ ನಿಂತಿತೆಂದು ಅವರು ಒಂದು ಮಾತೂ ಆಡಲಿಲ್ಲ. ಈ ಸಲ ಕಾರ್ಡು ಹೋಗದಿದ್ದರೆ, ತಂಗಿಗೂ ಸಾಕಾಯಿತೆಂದು ಅಕ್ಕ ತಿಳಿದಾಳು ಎಂಬುದೊಂದೇ ಅವರ ಚಿಂತೆ. ಮೂರು ದಿನ ಎಡಗೈಯಿಂದ ಪ್ರಯತ್ನಿಸಿದರು. ನಾಲ್ಕನೆಯ ದಿನ ನನ್ನನ್ನು ಕರೆದರು.

“ಕೈ ನಿಮ್ಮದು, ಕಣ್ಣು ನಂದು. ಮಾಡೂಣಲ್ರಿ?”

ನಾನು ಹದಿನಾಲ್ಕು ಹಂತಗಳ ವಹಿಯನ್ನು ತೆರೆದಿಟ್ಟುಕೊಂಡು ಕುಳಿತೆ. ಗುಬ್ಬಿಯನ್ನು ಕಾಕು ಹಿಂದೆಯೇ ಕೆತ್ತಿಟ್ಟಿದ್ದರು. ಕುಲಾಯಿಯೂ ಬೀಳುವ ಮೊದಲೇ ಕತ್ತರಿಸಿದ್ದಿತ್ತು. ಹತ್ತೊಂಬತ್ತು ರದ್ದಿ ಹಾಳೆಗಳ ಮೇಲೆ ಅಭ್ಯಾಸ ಮಾಡಿದೆ. ಹತ್ತೊಂಬತ್ತನೆಯದರಲ್ಲಿ ಗುಬ್ಬಿಗೆ ಒಂದೇ ಕೊಕ್ಕು ಬಂತು. ಇಪ್ಪತ್ತನೆಯದು ನಿಜವಾದ ಕಾರ್ಡು. ಗುಬ್ಬಿ ಚೆನ್ನಾಗಿಯೇ ಕುಳಿತಿತು. ಹಳದಿ ಬಂತು, ಕೆಂಪು ಬಂತು. ಕಾಕು ಪಕ್ಕದಲ್ಲಿ ಕುಳಿತು, ಪ್ಲಾಸ್ಟರಿನ ಕೈಯನ್ನೇ ಗಾಳಿಯಲ್ಲಿ ದುಂಡಗೆ ತಿರುಗಿಸುತ್ತಿದ್ದರು. ನೇರಳೆ ಅರ್ಧಕ್ಕೆ ಬಂದಾಗ, ಇದುವರೆಗೆ ಮಾಡಿದ್ದು ಸರಿಯಾಗಿದೆಯೇ ಎಂದು ಪರಿಶೀಲಿಸಲು ನಾನು ಕೈ ನಿಲ್ಲಿಸಿದೆ.

ನಿಂತಲ್ಲಿ ಗೆರೆ ಬಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಕೂದಲಿನಷ್ಟು ಇರುತ್ತಿತ್ತೇನೋ. ನಾನು ತಿದ್ದಿದೆ. ತಿದ್ದಿದಷ್ಟೂ ಅದು ಗಾಢವಾಯಿತು. ಕೊನೆಗೆ ಗುಬ್ಬಿಯ ತಲೆಯ ಮೇಲೆ, ಆಕಾಶದ ಈ ಅಂಚಿನಿಂದ ಆ ಅಂಚಿನವರೆಗೆ, ನಾನು ಉತ್ತರಪತ್ರಿಕೆಯಲ್ಲಿ ತಪ್ಪಿನ ಕೆಳಗೆ ಎಳೆಯುವಂಥದೇ ಒಂದು ಗೆರೆ. ಬೇರೆ ಹಾಳೆ ಕೊಡಿ, ಮತ್ತೆ ಮಾಡುತ್ತೇನೆ ಎಂದು ಬೇಡಿಕೊಂಡೆ. ಹಾಳೆ ಇತ್ತು, ದಿನವೂ ಇತ್ತು. ಕಾಕು ಎಡಗೈಯಿಂದ ಕಾರ್ಡನ್ನೆತ್ತಿ, ತೋಳುದ್ದಕ್ಕೆ ಹಿಡಿದು, ಬಹಳ ಹೊತ್ತು ನೋಡಿದರು.

“ಇದೇ ಹೋಗಲಿ ಬಿಡ್ರಿ” ಎಂದರು.

ಅವಮಾನದಿಂದ ಕುಗ್ಗಿಹೋಗಿ ವಿಳಾಸ ಬರೆದು ಅಂಚೆಡಬ್ಬಿಗೆ ಹಾಕಿದೆ. ಎಂಟು ವರ್ಷ ಕಾಪಾಡಿಕೊಂಡು ಬಂದ ಆಕಾಶವನ್ನು ನಾನು ಕೆಡಿಸಿದ್ದೆ. ಕುಲಾಯಿ ಹೇಗೋ ನನ್ನ ವಹಿಯೊಳಗೆ ಉಳಿದುಕೊಂಡಿತು.

ಆ ವರ್ಷ ಪೋಸ್ಟಮನ್ ಕಾರ್ಡನ್ನು ಹಿಂದಕ್ಕೆ ತರಲಿಲ್ಲ. ದಾರಿಯಲ್ಲಿ ಕಳೆದಿರಬೇಕೆಂದು ನಾನೂ, ಇನ್ನೊಂದು ದಿನ ನೋಡೋಣವೆಂದು ಕಾಕುವೂ ಅಂದುಕೊಳ್ಳುವುದರಲ್ಲಿ ಸಂಕ್ರಾಂತಿ ಕಳೆದು ಮರುದಿನದ ಕರಿ ಬಂತು. ಕರಿಯ ದಿನ ನಮ್ಮವರಲ್ಲಿ ಯಾರೂ ಪ್ರಯಾಣಕ್ಕೆ ಹೊರಡುವುದಿಲ್ಲ, ಮರಾಠಿಯವರೂ ಹೊರಡುವುದಿಲ್ಲ. ಶಾಲೆಗೆ ಹೊರಟು ನಾನು ವಾಡೆಯ ದೊಡ್ಡ ಬಾಗಿಲಿಗೆ ಬಂದಾಗ, ಇಳಕಲ್ ಸೀರೆಯುಟ್ಟ ಎತ್ತರದ ಹಿರಿಯಾಕೆಯೊಬ್ಬರು ಕೈಯಲ್ಲಿ ಒಂದು ಕಾರ್ಡು ಹಿಡಿದು, ಒಳಗೆ ಬರಲಾರದೆ ನಿಂತಿದ್ದರು. ಆ ಕಾರ್ಡಿನ ಗೆರೆ ನನಗೆ ಅಷ್ಟು ದೂರದಿಂದಲೇ ಕಂಡಿತು.

“ಇಲ್ಲಿ ಕಾರ್ಡ ಮಾಡಾಕಿ ಒಬ್ಬಾಕಿ ಇದ್ದಳಲ್ಲ...” ಎಂದವರು ಮುಂದಿನದನ್ನು ಕೇಳಲು ಹೆದರಿದರು. ಆಮೇಲೆ ಕೇಳಿದರು. “ಅದಾಳೇನ್ರಿ?”

ಇದ್ದಾರೆ ಎಂದೆ. ಅವರು ಬಾಗಿಲಿನ ಕಂಬವನ್ನು ಹಿಡಿದುಕೊಂಡರು. ನಿಮಗೆ ಹೇಗೆ ತಿಳಿಯಿತು, ಏನೆಂದು ತಿಳಿಯಿತು ಎಂದು ನಾನು ತಡವರಿಸುತ್ತಿರುವಾಗ ಕಾರ್ಡನ್ನು ನನ್ನ ಮುಖದ ಎದುರಿಗೆ ಹಿಡಿದರು.

“ಆಕಾಶದಾಗ ಗೆರಿ ಬಿದ್ದದ. ನನ್ನ ತಂಗಿ ಆಕಾಶದಾಗ ಗೆರಿ ಬಿಡಾಕಿ ಅಲ್ಲ.”

ವಿಳಾಸ ಎಂದಿನಂತೆ ನನ್ನ ಅಕ್ಷರದಲ್ಲಿಯೇ ಇತ್ತು. ಗುಬ್ಬಿ ಕಾಕುವೇ ಕೆತ್ತಿದ್ದು. ಪೋಸ್ಟಮನ್ ಹೊಸ್ತಿಲಲ್ಲಿ ನಿಂತಿರುವಷ್ಟು ಹೊತ್ತಿನಲ್ಲಿ, ಬಣ್ಣವೊಂದರಿಂದಲೇ, ತಂಗಿಯ ಕೈಗೆ ಏನೋ ಆಗಿದೆಯೆಂದು ಅವರು ಓದಿಕೊಂಡಿದ್ದರು. ಮೂರು ದಿನ ತಡೆದಿದ್ದರು. ಕರಿಯ ದಿನ ತಡೆಯಲಾಗದೆ ಎಸ್.ಟಿ. ಬಸ್ಸು ಹತ್ತಿದ್ದರು.

ನಾನು ಶಾಲೆಗೆ ಹೋಗಲಿಲ್ಲ. ಇದು ನನ್ನ ಸೇವಾವಧಿಯ ಮೊದಲ ಗೈರುಹಾಜರಿ. ಅಕ್ಕ ಖೋಲಿಯ ಬಾಗಿಲಲ್ಲಿ ನಿಂತು ಪ್ಲಾಸ್ಟರಿನ ಕೈಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಸತ್ತೀಯೇನೋ ಅಂತ ಬಂದೆ” ಎಂದರು.

“ನಿನ್ನ ಕೇಳದ ಹೆಂಗ ಸಾಯಲಿ ಅಕ್ಕ” ಎಂದರು ಕಾಕು.

ಕಾಕು ಎಡಗೈಯಿಂದ ಕುಸುರೆಳ್ಳಿನ ಡಬ್ಬಿ ತೆರೆಯಲು ಹೆಣಗತೊಡಗಿದರು. ಅಕ್ಕ ಅದನ್ನು ಕಸಿದುಕೊಂಡು ತಾವೇ ತೆರೆದು, ತಂಗಿಯ ಬಾಯಿಗೆ ನಾಲ್ಕು ಕಾಳು ಹಾಕಿದರು.

ಆಮೇಲೆ ನಡೆದದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಅಕ್ಕ ಮಂಚದ ಮೇಲೆ ಕುಳಿತು ಒಂದೊಂದೇ ವರ್ಷದ ಕಾರ್ಡನ್ನು ಹೇಳತೊಡಗಿದರು. ಮೊದಲ ವರ್ಷ ಕುಂಬಳದ ಹೂ, ಒಂದು ದಳ ಸಣ್ಣದು. ಮರುವರ್ಷ ಗಿಳಿ. ಅದರ ಮರುವರ್ಷ ಹಿತ್ತಾಳೆಯ ತಂಬಿಗೆ, ಅವ್ವನದು, ಕಂಠದ ಬಳಿ ನೆಗ್ಗು ಬಿದ್ದದ್ದು... ಕಾಕು ಕಣ್ಣಿನಿಂದಲೇ ಟ್ರಂಕನ್ನು ತೋರಿಸಿದರು. ನಾನು ಕಾರ್ಡುಗಳನ್ನು ಹೊರತೆಗೆದು ಒಂದೊಂದಾಗಿ ತಾಳೆ ನೋಡುತ್ತ ಹೋದೆ. ಎಂಟೂ ಕಾರ್ಡುಗಳಲ್ಲಿ ಬಿಳಿ ಕಾಳುಗಳು ಯಾವ ವರ್ಷ ಎಡಕ್ಕಿದ್ದವು, ಯಾವ ವರ್ಷ ಬಲಕ್ಕೆ ಎಂಬುದನ್ನೂ ಅವರು ಹೇಳಿದರು. ನಾನು ಪರೀಕ್ಷಿಸುವುದನ್ನೇ ಬದುಕಾಗಿಸಿಕೊಂಡವನು. ಒಂದೂ ತಪ್ಪು ಸಿಗಲಿಲ್ಲ. ಒಂದೊಂದನ್ನೂ ಅವರು ನೋಡಿದ್ದು ಒಂದೇ ಒಂದು ಸಲ. ನಾನೇ ಹೊರಗಿನ ಕಟ್ಟೆಗೆ ಬಂದು ಕುಳಿತೆ. ಆ ಖೋಲಿಯಲ್ಲಿ ಇರಲು ನನಗೆ ಯೋಗ್ಯತೆ ಸಾಲದೆನ್ನಿಸಿತ್ತು.

ಒಳಗಿನಿಂದ ಕಾಕುವಿನ ಪ್ರಶ್ನೆ ಕೇಳಿಸಿತು: ಇಷ್ಟು ನೋಡಿದಾಕೆ ತಿರುಗಿ ಯಾಕೆ ಕಳುಹಿಸುತ್ತಿದ್ದೆ?

“ಇಟಗೊಂಡಿದ್ರ ಸಿಟ್ಟು ಹೋಗತಿತ್ತು” ಎಂದರು ಅಕ್ಕ. “ಸಿಟ್ಟು ಹೋಗಿದ್ರ ಅವ್ವ ಪೂರಾ ಹೋಗತಿದ್ದಳು.”

ಪ್ಲಾಸ್ಟರ್ ಬಿಚ್ಚಿದ ಮೇಲೆ ಕಾಕು ಸಾಸವಡಕ್ಕೇ ಹೋಗಿ ಅಕ್ಕನೊಂದಿಗೆ ನೆಲೆಸಿದರು. ಕೆಲವು ವರ್ಷಗಳಲ್ಲಿ ನಾನೂ ಮದುವೆಯಾಗಿ ವಾಡೆ ಬಿಟ್ಟೆ. ವಾಡೆಯ ಜಾಗದಲ್ಲಿ ಈಗ ಟ್ಯೂಷನ್ ಕ್ಲಾಸುಗಳ ಫಲಕ ತುಂಬಿದ ಕಟ್ಟಡವಿದೆ. ಪ್ರತಿ ಸಂಕ್ರಾಂತಿಗೆ ನನಗೊಂದು ಕಾರ್ಡು ಬರುತ್ತಿತ್ತು. ಲಕೋಟೆಯಿಲ್ಲದ್ದು, ಅಕ್ಷರವಿಲ್ಲದ್ದು. ಮುರಿದು ಕೂಡಿದ ಕೈಯಿಂದ ಬಂದ ಆಕಾಶದಲ್ಲಿ ಆರಂಭ ಯಾವುದೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ಹನ್ನೊಂದು ವರ್ಷ ಬಂತು.

ಹನ್ನೆರಡನೆಯ ವರ್ಷ ಅಂಚೆಯವನು ಕಾರ್ಡನ್ನು ಕೈಗಿತ್ತಾಗ ನಾನು ಮೇಜಿನ ತುಂಬ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕುಳಿತಿದ್ದೆ. ಗುಬ್ಬಿ ಅದೇ. ಹಳದಿ, ಕೆಂಪು, ನೇರಳೆ. ನೇರಳೆಯಲ್ಲಿ, ಅಂಚಿನಿಂದ ಅಂಚಿಗೆ, ಒಂದು ಗೆರೆ.

ಇವನ್ನು ತಿದ್ದಿ ಮುಗಿಸಿ ನಾಳೆ ಹೊರಡೋಣ ಎಂಬ ಯೋಚನೆ ನನಗೂ ಬಂತು. ಬಂದ ಕೂಡಲೇ ಅದು ಯಾರ ಯೋಚನೆಯೆಂದು ನೆನಪಾಯಿತು. ಕೆಂಪು ಪೆನ್ನಿನ ಟೋಪಿಯನ್ನೂ ಮುಚ್ಚದೆ ಎದ್ದೆ. ಸಾಸವಡದ ದಾರಿಯ ದಿವೆ ಘಾಟಿನ ತಿರುವುಗಳಲ್ಲಿ ಬಸ್ಸು ಏದುತ್ತ ಏರುವಾಗ ಕಾರ್ಡು ಅಂಗಿಯ ಜೇಬಿನಲ್ಲಿತ್ತು.

ಕಾಕು ಕಿಟಕಿಯ ಕೆಳಗಿನ ಮಂಚದಲ್ಲಿದ್ದರು. ಬಹಳ ಸಣ್ಣಗಾಗಿದ್ದರು. ನನಗೆ ಬರುವುದಿಲ್ಲ, ನಾಲ್ಕು ಅಕ್ಷರ ಬರೆದು ಕಳುಹಿಸೋಣವೆಂದರೂ ಕೇಳದೆ ನನ್ನ ಕೈಯಿಂದಲೇ ಆಕಾಶ ಮಾಡಿಸಿದಳೆಂದು ಅಕ್ಕ ದೂರಿದರು. ಗೆರೆ ಬಿತ್ತು, ಇನ್ನೊಂದು ಮಾಡುತ್ತೇನೆಂದರೆ ಅದಕ್ಕೂ ಬಿಡಲಿಲ್ಲವಂತೆ. ಕಾಕು ನನ್ನ ಕಡೆ ಮುಖ ತಿರುಗಿಸಿದರು.

“ಗೆರಿ ಕಂಡಿತೇನ್ರಿ ಮಾಸ್ತರ?”

“ಕಂಡಿತ್ರಿ ಕಾಕು.”

ಅವರು ನಕ್ಕರು. ಪಾಸಾದಿರಿ ಎಂಬಂತೆ ನನ್ನ ಕೈಯ ಮೇಲೆ ಅಂಗೈಯನ್ನಿಟ್ಟು ಒಮ್ಮೆ ಅದುಮಿ, ನೆಟ್ಟಗೆ ಎತ್ತಿದರು... ರಥಸಪ್ತಮಿಯ ಮರುದಿನ ಹೋದರು. ಅಕ್ಕ ಆಮೇಲೆ ಎರಡು ವರ್ಷವಷ್ಟೇ ಇದ್ದರು.

ನಿನ್ನೆ ನಾನು ಅಂಗಡಿಗೆ ಹೋಗಿ ದಪ್ಪ ಹಾಳೆ ಮತ್ತು ಮೂರು ಬಣ್ಣದ ಪ್ಯಾಡುಗಳನ್ನು ತಂದೆ. ಗುಬ್ಬಿಯ ರಬ್ಬರು ನನ್ನಲ್ಲಿಲ್ಲ. ಕುಲಾಯಿಯನ್ನು ಖಾಲಿ ಹಾಳೆಯ ಮೇಲೆಯೇ ಇಟ್ಟು, ಪತ್ರಿಕೆಯ ಮೇಲೆ ಬಣ್ಣ ಶುರುಮಾಡಿ, ದುಂಡಗೆ ತಿರುಗಿಸುತ್ತ ಒಳಗೆ ಬಂದೆ. ನೇರಳೆಯವರೆಗೂ ಕೈ ನಿಲ್ಲಿಸಲಿಲ್ಲ. ಆದರೂ ಗೆರೆ ಬಿತ್ತು. ಈ ಸಲ ತಿದ್ದಲು ಹೋಗಲಿಲ್ಲ. ಉಗುರು ತಾಗಿಸಿ ಕುಲಾಯಿಯನ್ನು ಎತ್ತಿದೆ. ಗುಬ್ಬಿಯಿದ್ದ ಜಾಗ ಬೆಳ್ಳಗೆ ಉಳಿದಿತ್ತು. ಒಣಗಲೆಂದು ಕಿಟಕಿಯ ಬಳಿ ಇಟ್ಟಿದ್ದೇನೆ. ಆ ಗೆರೆಯನ್ನು ಒಂದೇ ನೋಟಕ್ಕೆ ಓದಬಲ್ಲವರು ಲೋಕದಲ್ಲಿ ಇಬ್ಬರಿದ್ದರು. ಕಾರ್ಡಿನ ಹಿಂಬದಿಯಲ್ಲಿ ಬರೆಯಲು ನನ್ನ ಬಳಿ ಈಗ ವಿಳಾಸವಿಲ್ಲ.